ಒದ್ದೆ ಹತ್ತಿ

ಕೆಳದವಡೆಯ ದೊಡ್ಡ ಹಲ್ಲು. ಬೇರು ಕವಲೊಡೆಯುವ ಕಡೆ
ನನ್ನ ಬರ್ ಅರ್ಧ ಮಿಲಿಮೀಟರ್ ದಾರಿ ತಪ್ಪಿತು.
ನರದ ಬಿಲ ಹುಡುಕುತ್ತಿದ್ದಲ್ಲಿ ಕೆಂಪು ಊಟೆ.

"ಸಣ್ಣದೊಂದು ತೂತಾಗಿದೆ," ಎಂದೆ.
ಆಗಿದೆ.
ಎಷ್ಟು ಒಳ್ಳೆಯ ಭಾಷೆ ನಮ್ಮದು,
ಮಾಡಿದ್ದು ಯಾರೆಂದು ಕೇಳದೆಯೇ
ವಾಕ್ಯ ಮುಗಿಸಿಕೊಡುತ್ತದೆ.

ಬಾಯಿಗೆ ರಬ್ಬರ್ ಹಾಳೆ ಬಿಗಿದಿದ್ದ ಹಸನಬ್ಬರು
ಕಣ್ಣಲ್ಲೇ ಹೂಂ ಅಂದರು.
ಕಸ್ಬಾ ಬೆಂಗ್ರೆಯಲ್ಲಿ ನಲವತ್ತು ವರ್ಷ
ದೋಣಿಯ ಹಲಗೆಸಂದಿಗೆ ಹತ್ತಿ ಹೊಡೆದ ಕೈ
ಕುರ್ಚಿಯ ತೋಳನ್ನು ತಟ್ಟಿ ನೋಡುತ್ತಿತ್ತು.

ಗಾಜಿನ ಮೇಲೆ ಎಂಟಿಎ,
ಚಿನ್ನದ ಹಾಗೆ ಗ್ರಾಮಿನ ಲೆಕ್ಕದಲ್ಲಿ ಮಾರುವ ಬೂದು ಪುಡಿ.
ಒಂದೆರಡು ಹನಿ ನೀರು. ಒದ್ದೆ ಮರಳಿನ ಹದ.
ಚೂರೇ ಚೂರು ಇಟ್ಟೆ, ಒತ್ತಿದೆ, ಮತ್ತೆ ಇಟ್ಟೆ,
ಮೇಲೊಂದು ಒದ್ದೆ ಹತ್ತಿಯುಂಡೆ, ತಾತ್ಕಾಲಿಕ ಮುಚ್ಚಳ.

ಹಾಳೆ ಬಿಚ್ಚಿದ್ದೇ ಕೇಳಿದರು: "ಎಂತದು ಅದು ಡಾಕ್ಟ್ರೇ?"
"ಒಂದು ನಮೂನೆ ಸಿಮೆಂಟು. ಒಣಗಿದರೆ ಕಚ್ಚುವುದಿಲ್ಲ,
ಪಸೆ ಬೇಕು. ನಾಳೆಗೆ ಕಲ್ಲಾಗುತ್ತದೆ."

ಅರ್ಧ ಮರಗಟ್ಟಿದ ತುಟಿಯಲ್ಲಿ ನಕ್ಕರು.
"ದೋಣಿಯೂ ಹಾಗೇ. ದಡದಲ್ಲಿ ಒಣಗಿದ್ದು
ಮೊದಲ ದಿನ ಸೋರುತ್ತದೆ. ನೀರು ಕುಡಿದು
ಮರ ಉಬ್ಬಿದ ಮೇಲೆ ತಾನೇ ಬಾಯಿ ಮುಚ್ಚುತ್ತದೆ."

ಬಂದರಿನಿಂದ ಫೆರಿಗೆ ಹೊತ್ತಾಗಿತ್ತು ಅವರಿಗೆ.
ಮೆಟ್ಟಿಲು ಇಳಿಯುತ್ತಿದ್ದವರನ್ನು ಕರೆದೆ:
"ಹಸನಬ್ಬರೇ, ತೂತು ಆದದ್ದಲ್ಲ. ನಾನು ಮಾಡಿದ್ದು."

"ಗೊತ್ತುಂಟು," ಅಂದರು, ತಿರುಗದೆ.
"ಬೈರಿಗೆ ಜಾರಿದ ಸದ್ದು ನನಗೆ ತಿಳಿಯುವುದಿಲ್ಲವೋ?"

ಆ ರಾತ್ರಿ ಎರಡು ಸಲ ಎದ್ದು ನೀರು ಕುಡಿದೆ.
ಹೊಳೆಯಾಚೆ, ನಿದ್ದೆ ಹೋದ ಒಂದು ಬಾಯಲ್ಲಿ,
ಒದ್ದೆಯಲ್ಲಿ, ಕತ್ತಲಲ್ಲಿ,
ಅದು ಗಟ್ಟಿಯಾಗುತ್ತಿದೆಯೋ ಏನೋ.