ಅಗಿಯುವ ಕಣ್ಣು

ಮೈದುನ ಶೋಜಿಯ ನಲವತ್ತೊಂಬತ್ತನೇ ದಿನದ ಊಟ.
ಹೊಗೆಗೆ ಕಟ್ಟಿದ ಮೂಲಂಗಿಯ ಉಪ್ಪಿನಕಾಯಿ
ಒಂದು ಹೋಳು ಬಾಯಿಗಿಟ್ಟೆನೋ ಇಲ್ಲವೋ
ಎಡಗಣ್ಣು ಸುರಿಯತೊಡಗಿತು.
"ಪಾಪ, ಅತ್ತಿಗೆಯದು ಎಂಥ ಕರುಳು" ಎಂದರು ಯಾರೋ.

ಕರುಳಲ್ಲ ತಾಯಿ, ನರ.
ಶೋಜಿ ನಮ್ಮ ಗದ್ದೆಯ ನೀರು ತಿರುಗಿಸಿಕೊಂಡ ಲೆಕ್ಕ
ನನ್ನಲ್ಲಿ ಇನ್ನೂ ಬಾಕಿ ಇದೆ.

ಒಂಬತ್ತು ವರ್ಷದ ಹಿಂದೆ, ಜೂನ್ ತಿಂಗಳು,
ಅಕಿತಾದ ಬೆಟ್ಟದಲ್ಲಿ ಕಳಲೆ ಕೀಳುತ್ತಿದ್ದೆ.
ಸೊಂಟದ ಗಂಟೆ ಬುತ್ತಿಯ ಬಟ್ಟೆಗೆ ಸಿಕ್ಕಿ ಮೂಕವಾಗಿತ್ತು.
ಕರಡಿಗೂ ಕಳಲೆಯೇ ಬೇಕಿತ್ತು.
ಒಂದೇ ಸಲ ಕೈ ಬೀಸಿತು, ನೊಣ ಓಡಿಸಿದ ಹಾಗೆ.
ತಿರುಗಿ ಸಹ ನೋಡಲಿಲ್ಲ.

ಮೊದಲ ಸಲ ಹನ್ನೊಂದು ತಾಸು ಹೊಲಿದರು.
ದವಡೆಗೆ ಕಾಲಿನ ಎಲುಬು,
ಕೆನ್ನೆಗೆ ತೊಡೆಯ ಚರ್ಮ
(ಅಲ್ಲಿ ಈಗಲೂ ನನ್ನ ಕೈಗೆ ತೊಡೆಯೇ ಸಿಗುತ್ತದೆ).
ಕಿವಿಯ ಹಿಂದೆ ಮೂಳೆಯೊಳಗೆ ಜಜ್ಜಿದ ನರಕ್ಕೆ ಮಾತ್ರ
"ದಿನಕ್ಕೊಂದು ಮಿಲಿಮೀಟರ್, ಕಾಯಬೇಕು"
ಎಂದರು ಡಾಕ್ಟರ್ ಕುದೋ.
ಭತ್ತದ ಸಸಿ ನೆಟ್ಟು ಬೆಳೆದವಳು, ಕಾಯಲು ಬರುತ್ತದೆ.

ಬೆಳೆಯಿತು.
ಕತ್ತಲಲ್ಲಿ ಬೆಳೆದದ್ದಲ್ಲವೇ,
ಜೊಲ್ಲಿನ ಮನೆಗೆ ಹೊರಟದ್ದು ದಾರಿ ತಪ್ಪಿ
ಕಣ್ಣೀರಿನ ಮನೆಯ ಬಾಗಿಲು ತಟ್ಟಿತು.
ಅವರೂ ತೆರೆದರು. ಏನು ಮಾಡುವುದು?

ಐದನೆಯ ಸಲ
ತೊಡೆಯಿಂದಲೇ ಒಂದು ಪಟ್ಟಿ ಮಾಂಸ ತಂದು
ತುಟಿಯ ತುದಿಗೆ ನಗುವೆಂದು ಕೂರಿಸಿದರು.
ಅದಕ್ಕೆ ಅಗಿಯುವ ನರದ ಜೋಡಣೆ:
ನಗಬೇಕಾದರೆ ಹಲ್ಲು ಕಚ್ಚಬೇಕು.
ಕನ್ನಡಿಯ ಮುಂದೆ ದಿನಕ್ಕೆ ನೂರು ಸಲ ಅಭ್ಯಾಸ ಮಾಡಿ ಎಂದರು.
ಅಭ್ಯಾಸ ಯಾತಕ್ಕೆ?
ಈ ಮನೆಗೆ ಸೊಸೆಯಾಗಿ ಬಂದಂದಿನಿಂದ
ನಕ್ಕಿದ್ದೆಲ್ಲ ಹಾಗೆಯೇ.

ಹಿಮ ಬೀಳುವ ಹಿಂದಿನ ರಾತ್ರಿ
ದವಡೆಯ ತಿರುಪುಗಳು ರೇಡಿಯೋಗಿಂತ ಮೊದಲು ಸುದ್ದಿ ಹೇಳುತ್ತವೆ.
ಗಲ್ಲಕ್ಕೆ ಅನ್ನದ ಅಗುಳು ಅಂಟಿದರೆ ನನಗೆ ತಿಳಿಯದು;
ಮೊಮ್ಮಗಳು ಕೊಯುಕಿ
ನೆಂಟರ ನಡುವೆ ಸದ್ದಿಲ್ಲದೆ
ತನ್ನ ಗಲ್ಲ ಒರೆಸಿಕೊಳ್ಳುತ್ತಾಳೆ, ನಾನು ನನ್ನದು.

ಮೊನ್ನೆ, ಬೆಳಗಿನ ಖಾಲಿ ಹೊಟ್ಟೆಯಲ್ಲಿ,
ಅಟ್ಟದಿಂದ ಏನೋ ಹುಡುಕುವಾಗ
ಕಳಲೆಯ ಬುಟ್ಟಿ ಕೈಗೆ ಬಂತು. ಹಗ್ಗವಿತ್ತು, ಗಂಟೆಯೂ ಇತ್ತು.
ಏಣಿಯ ಮೇಲೇ ಕೂತುಬಿಟ್ಟೆ.
ಬಲಗಣ್ಣು ತುಂಬಿ ಬಂತು.
ಎಡದ್ದು ಒಣಗಿ, ಯಾರದೋ ಮನೆಯ ಸಾವೆಂಬಂತೆ
ನೋಡುತ್ತಿತ್ತು.

ಕೊಯುಕಿ ಕೆಳಗಿನಿಂದ ನನ್ನ ಮುಖ ನೋಡಿದಳು,
ಒಂದು ಕಣ್ಣು, ಇನ್ನೊಂದು ಕಣ್ಣು.
ಅಡುಗೆಮನೆಗೆ ಹೋಗಿ
ಉಪ್ಪಿನಕಾಯಿಯ ತಟ್ಟೆ ಎತ್ತಿ ಹಿಡಿದಳು:
"ತಗೋ ಅಜ್ಜಿ,
ಅದೂ ಅಳಲಿ."