ವಿನಾ ಟಿಕೀಟು

ಕಡೀ ಫೇರಿ ಅಕ್ಕಲಕೋಟಕ್ಕ ಮುಟ್ಟೂದು ರಾತ್ರಿ ಒಂಬತ್ತೂವರಿಗೆ.
ಡಿಪೋದಾಗ ರೊಕ್ಕ ಎಣಿಸಿ, ಮಷೀನು ಜಮಾ ಮಾಡಿ,
ಮನಿಗೆ ಬಂದು ಕಾಲು ತೊಳಕೊಂಡು
ರೊಟ್ಟಿ ಮುರಿಯೂ ಮುಂಚೇನ ಲ್ಯಾಪ್‌ಟಾಪ್ ತಗೀತೀನಿ.
ಹನ್ನೊಂದರ ತನಕ ನನ್ನ ಚದುರಂಗ.

ಆಚಿ ಕಡಿ ಆಡಾವ ಯಾರೋ, ಯಾವ ದೇಶದವನೋ.
ನನ್ನ ಕುದುರಿ ಇನ್ನೇನು ಜಿಗೀಬೇಕು,
ಮೂಲ್ಯಾಗಿನ ಕಮಾನು ಹಾರಿಹೋಗಿ
ಸಣ್ಣದೊಂದು ಭೂಗೋಲ ಬಂದು ಕುಂಡ್ರತದ.
ಗಡಿಯಾರ ಮಾತ್ರ ನಿಂದ್ರಂಗಿಲ್ಲ.
ಈ ವಾರ ನಾಕು ಆಟ ಸೋತೀನಿ,
ಒಂದೂ ಆಡಿ ಸೋತಿಲ್ಲ.

ದಿಟ್ಟಿ ಆಗ್ಯದ ಅಂದ್ರು ಅತ್ತಿ.
ಡಬ್ಬಿ ಮ್ಯಾಲ ಉಪ್ಪು ಮೆಣಸಿನಕಾಯಿ ಮೂರು ಸಲ ಇಳಿಸಿ
ಒಲಿಗೆ ಹಾಕಿದ್ರು.
ಘಾಟು ಹತ್ತಿ ಮನಿಯೆಲ್ಲಾ ಕೆಮ್ಮಿತು.
ಘಾಟು ಬಂತಂದ್ರ ದಿಟ್ಟಿ ಅಲ್ಲ.
ಸರಿ, ಒಂದು ಕಾರಣ ಕಮ್ಮಿ ಆತು.

ಗುರುಶಾಂತನ ಫೋನು ನಡದದ, ಟೀವಿ ನಡದದ,
ಬಾಜೂ ಮನಿ ಬಿರಾಜದಾರ ಅವರ ಸಿಗ್ನಲ್ಲೂ ನಮ್ಮ ಪಡಸಾಲಿ ತನಕ ಬರ್ತದ.
ಇಳಿಯೂದು ಇದೊಂದೇ, ಸ್ಟಾಪ್ ಇಲ್ಲದಲ್ಲಿ.

ಕಂಪನಿಗೆ ಫೋನ್ ಹಚ್ಚಿದೆ.
"ಬಂದ ಕರೂನ ಚಾಲೂ ಕರಾ," ಅಂದಳು ಹುಡುಗಿ.
ಮಾಡೀನವ್ವಾ, ಆರು ಸಲ.
"ಪುನ್ಹಾ ಕರಾ."
ಏಳನೇದೂ ಮಾಡಿದೆ.

'ಈ ನೆಟ್‌ವರ್ಕ್ ಮರೆತುಬಿಡಿ' ಅಂತ ಒಂದು ಗುಂಡಿ ಅದ.
ಒತ್ತಿದೆ. ಮರೀತು.
ನಮ್ಮ ಮನಿ ಹೆಸರು ಮೊದಲನೇ ಸಲ ಓದಿದಂಗ ಓದಿ
ಗುಪ್ತಪದ ಕೇಳಿತು.
ನನ್ನ ಮದಿವಿ ತಾರೀಖು ಹೊಡದೆ,
ಗಂಡಗ ನೆನಪಿರಲಿ ಅಂತ ಇಟ್ಟಿದ್ದು.
ಒಳಗ ಕರಕೊಂಡಿತು. ಹತ್ತು ನಿಮಿಷ.

ಆಮ್ಯಾಲ ನನ್ನ ಮಗ ಸಮರ್ಥ ಕರೀ ಕಿಟಕಿ ತಗದು
ಏನೋ ಟೈಪ್ ಮಾಡಿದ.
೧೬೯.೨೫೪ ಅಂತ ಸುರು ಆಗೂ ಒಂದು ಉದ್ದನ್ನ ಅಂಕಿ.
"ಅವ್ವಾ, ರೌಟರ್ ಇದಕ್ಕ ನಂಬರ್ ಕೊಟ್ಟಿಲ್ಲ.
ಯಾರೂ ಕೊಡಲಿಲ್ಲಂದ್ರ ಇದು ತನಗ ತಾನs
ಒಂದು ನಂಬರ್ ಕೊಟ್ಕೋತದ."

ಕೈ ಹಂಗೇ ನಿಂತವು ನನ್ನವು.

ನಾ ಹೊಸಾಕಿ ಇದ್ದಾಗ, ಟ್ರೇ ಟಿಕೀಟಿನ ಕಾಲ,
ವಾಗ್ದರಿಯೊಳಗ ಒಬ್ಬ ಹುಡುಗ ಹತ್ತಿದ.
ಟಿಕೀಟ್ ಅಂದೆ. ಮುಷ್ಟಿ ಬಿಚ್ಚಿದ.
ನೋಟ್‌ಬುಕ್ಕಿನ ಹಾಳಿ ಸಣ್ಣಗ ಕತ್ತರಿಸಿ
ಪೆನ್ನಿಲೆ ಬರದಿದ್ದ:
ವಾಗ್ದರಿ ಟು ಅಕ್ಕಲಕೋಟ, ಅರ್ಧಾ, ರೂಪಾಯಿ ಏಳು.
ದರಾ ಖರೇ ಇತ್ತು. ಮೊಹರೂ ತಗದಿದ್ದ,
ಬಸ್ಸಿನ ಗಾಲಿ ಸ್ವಲ್ಪ ಸೊಟ್ಟ.
ಬರೀ ನಮ್ಮ ಕೈಯಾಗಿಂದ ಬಂದಿದ್ದಿಲ್ಲ, ಅಷ್ಟೇ.
ದಂಡ ಹಾಕೂ ಕೇಸು ಅದು.
ನಾ ಚಿಮಟಾ ತಗದು
ಆ ಹಾಳಿಗೆ ಒಂದು ತೂತು ಹೊಡದೆ.
ಏಳು ರೂಪಾಯಿ ನನ್ನ ಕಿಸೇದಾಗಿಂದ ಚೀಲಕ್ಕ ಹಾಕಿದೆ.
ಯಾರಿಗೂ ಹೇಳಿಲ್ಲ. ಈಗ ಹೇಳಾಕತ್ತೀನಿ.

ಸಮರ್ಥ ಇನ್ನೂ ಒಳಗ ಒಳಗ ಹೊಂಟಿದ್ದ.
ಹನ್ನೊಂದೂ ಹತ್ತಕ್ಕ ಸಿಕ್ಕಿತು: ಒಂದು ಚೌಕ, ಒಳಗ ಟಿಕ್ಕು.
ವಿದ್ಯುತ್ ಉಳಿಸಲು ಈ ಸಾಧನವನ್ನು
ಬಂದ್ ಮಾಡೂ ಅಧಿಕಾರ ಕಂಪ್ಯೂಟರಿಗೆ ಕೊಟ್ಟದ.
ಅಂದ್ರ,
ಕುದುರಿ ಎಲ್ಲಿ ಇಡ್ಲಿ ಅಂತ ನಾ ಸುಮ್ಮ ಕೂತದ್ದು ಕಂಡು
ಈಕಿಗೇನೂ ಕೆಲಸಿಲ್ಲ ಅಂತ ತಿಳಕೊಂಡು
ದೀಪ ಆರಸ್ತಿತ್ತು ಇದು.
ಅತ್ತಿ ಹಂಗs.
ಮನಿಶಾ ಒಳಗ ಕೂತಿರ್ತಾನ, ಖೋಲಿ ಕತ್ತಲ.

ಟಿಕ್ಕು ತಗದೆ.

ಮರುದಿನ ರಾತ್ರಿ ಭೂಗೋಲ ಬರಲಿಲ್ಲ.
ಒಂದೊಂದು ನಡಿಗೆ ಎಷ್ಟು ಬೇಕಷ್ಟು ವಿಚಾರ ಮಾಡಿದೆ,
ಕಮಾನು ಮೂರೂ ಹಂಗೇ ನಿಂತಿದ್ದವು.
ಮೂವತ್ತೊಂದನೇ ನಡಿಗಿಗೆ
ಅವನ ಒಂಟಿ ನನ್ನ ರಾಜನ ಬಾಗಲಾಗ ಬಂದು ನಿಂತಿತು.
ಸೋತೆ.
ಖರೇ ಖರೇ ಸೋತೆ,
ಆಡಿ.

ರೊಟ್ಟಿ ಆರಿಹೋಗಿತ್ತು.
ಖಾರಬ್ಯಾಳಿ ಬಿಸಿ ಮಾಡಿ ಉಂಡೆ.