ಇಪ್ಪತ್ತನಾಲ್ಕು – ಇಪ್ಪತ್ತೆರಡು

ಹಿತ್ತಾಳೆ ಫಲಕ ಕೆತ್ತುವವನು ಫೋನು ಮಾಡಿದ್ದ ಮೊನ್ನೆ:
ಗೆದ್ದದ್ದು ಐವತ್ತೆಂಟೋ ಐವತ್ತೊಂಬತ್ತೋ, ಮೇಡಂ?
ಹೆಸರುಗಳನ್ನೂ ಒಮ್ಮೆ ನೋಡಿಬಿಡಿ,
ನಿಮ್ಮ ಕಣಿವೆಯವರ ಹೆಸರು ಹಲ್ಲಿಗೆ ಸಿಗುವ ಎಲುಬಿನ ಹಾಗೆ.

ಪುಸ್ತಕ ನನ್ನ ಹತ್ತಿರವೇ ಇತ್ತು, ಐವತ್ತು ವರ್ಷ,
ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದುಂಡೆಗಳ ಕೆಳಗೆ.
ಕ್ರೇಗನ್ ಹಾಲೋ ಹೈಸ್ಕೂಲು, ಕುಸ್ತಿ, ಎಪ್ಪತ್ತೊಂದರಿಂದ ಎಪ್ಪತ್ತನಾಲ್ಕು.
ಶಾಲೆ ಈಗಿಲ್ಲ. ಮೂರು ಊರು ಒಟ್ಟು ಹಾಕಿ
ಹೆದ್ದಾರಿ ಪಕ್ಕ ಗಾಜಿನದೊಂದು ಕಟ್ಟಿ
ಅದಕ್ಕೊಂದು ದಿಕ್ಕಿನ ಹೆಸರಿಟ್ಟಿದ್ದಾರೆ.

ಹದಿನಾರರ ಹುಡುಗಿ ನಾನು, ಅಂಕ ಬರೆಯುವವಳು.
ಕೆಡವಿದರೆ ಎರಡು, ನುಣುಚಿಕೊಂಡರೆ ಒಂದು,
ಎರಡೂ ಭುಜ ಚಾಪೆಗೆ ಅಂಟಿದರೆ ಅಲ್ಲಿಗೆ ಮುಗಿಯಿತು,
ತಂಡದ ಲೆಕ್ಕಕ್ಕೆ ಆರು.
ಕಲ್ಲಿದ್ದಲ ಮಸಿ ಕಿವಿಯಲ್ಲಿಟ್ಟುಕೊಂಡೇ ಬರುತ್ತಿದ್ದ ಅಪ್ಪಂದಿರು
ನನ್ನ ಪೆನ್ಸಿಲ್ಲನ್ನು ಪಾದ್ರಿಯ ಬೆರಳಿನ ಹಾಗೆ ನೋಡುತ್ತಿದ್ದರು.

ಹುಬಾಚ್ ಅಣ್ಣತಮ್ಮಂದಿರಿಗೆ ಒಂದೇ ಜೊತೆ ಬೂಟು.
ಅಣ್ಣ ಗೆದ್ದು ಬಂದು ಲೇಸು ಬಿಚ್ಚುವವರೆಗೆ
ತಮ್ಮ ಬರಿಗಾಲಲ್ಲಿ ಕುಣಿಯುತ್ತಿದ್ದ, ಕಾದ ಮರಳ ಮೇಲೆ ನಿಂತವನಂತೆ.
ಗಾಲ್ಕೌಸ್ಕಸ್ ಹಿಡಿದ ಕಾಲನ್ನು ಬಿಟ್ಟದ್ದು ಯಾರೂ ಕಂಡಿಲ್ಲ.
ನನ್ನ ತಮ್ಮ ಎಮ್ರಿಸ್, ತೊಂಬತ್ತೆಂಟು ಪೌಂಡು,
ಕ್ರಿಸ್ಮಸ್ ದಿನ ಕಿತ್ತಳೆಯ ಒಂದು ತೊಳೆ ಚೀಪಿ, ಉಗುಳಿ,
ಬಾಯ್ಲರ್ ಕೋಣೆಯಲ್ಲಿ ಕಸದ ಚೀಲ ತೊಟ್ಟು ಓಡಿದ.
ಕೋಚ್ ಸ್ಟ್ರೂಬ್ ಕೂಗುತ್ತಿರಲಿಲ್ಲ. ಟವೆಲ್ಲು ಮಡಚುತ್ತಿದ್ದ.
ನಾಲ್ಕನೆಯ ಮಡಿಕೆ ಬಿದ್ದರೆ
ನಾಳೆ ಬೂದಿಗುಡ್ಡ ಹತ್ತಬೇಕೆಂದು ಎಲ್ಲರಿಗೂ ಗೊತ್ತು.

ಪುಟ ನಲವತ್ತೊಂದು. ಫೆಬ್ರವರಿ. ಮಿಲ್‌ರೇಸಿನವರ ಗೋದಾಮು.
ನಮ್ಮದು ಇಪ್ಪತ್ತನಾಲ್ಕು, ಅವರದು ಹತ್ತೊಂಬತ್ತು,
ಉಳಿದದ್ದು ಒಂದೇ ಜೋಡಿ, ಭಾರಿ ತೂಕದ್ದು.
ನಮ್ಮ ಭಾರಿ ಹುಡುಗ ಜ್ವರದಲ್ಲಿ, ಬಸ್ಸಿನಲ್ಲಿ, ಬಕೆಟ್ಟಿನ ಮೇಲೆ.
ಸ್ಟ್ರೂಬ್ ಬೆಂಚಿನ ತುದಿಗೆ ನೋಡಿದ.
ವೆಂಡೆಲ್ ಪ್ರೋಕಪ್, ನೂರ ನಲವತ್ತೈದು ಪೌಂಡು,
ಮೂರು ವರ್ಷ ಎಲ್ಲರ ಪಟ್ಟಿಗೂ ಬೆನ್ನು ಕೊಟ್ಟವನು,
ಒಂದು ಸಲವೂ ಕಣಕ್ಕಿಳಿಯದವನು.
ಅವನ ಕಿವಿಯಲ್ಲಿ ಕೋಚ್ ಹೇಳಿದ್ದು ನನಗೂ ಕೇಳಿಸಿತು:
ಸೋಲು ಪರವಾಗಿಲ್ಲ. ಅಂಟಬೇಡ.

ಎದುರಿಗಿದ್ದವನು ಎಮ್ಮೆ ಕೆರೆಗಿಳಿದ ಹಾಗೆ ಮೇಲೆ ಬಿದ್ದ.
ವೆಂಡೆಲ್ ಹಿಮ್ಮಡಿಯಿಂದ ನೆತ್ತಿಯವರೆಗೆ ಸೇತುವೆಯಾದ,
ಕುತ್ತಿಗೆಯೊಂದೇ ಕಂಬ.
ಅವನಿಗಿನ್ನೂ ಮೀಸೆಯೇ ಚಿಗುರಿರಲಿಲ್ಲ, ಮಣ್ಣಾಗುವುದೇನು ಬಂತು.
ತೀರ್ಪುಗಾರ ಹೊಟ್ಟೆಯ ಮೇಲೆ ಮಲಗಿ
ಭುಜಕ್ಕೂ ಚಾಪೆಗೂ ನಡುವಿನ ಕತ್ತಲಿಗೆ ಕೈ ತೂರಿಸಿ ನೋಡಿದ.
ಅಷ್ಟು ಜಾಗ ಇತ್ತು. ಒಂದು ಅಂಗೈಯಷ್ಟು.
ಆರು ನಿಮಿಷ ಇತ್ತು.
ಏಳು–ಸೊನ್ನೆ, ಸೋತ. ಅವರಿಗೆ ಮೂರೇ ಅಂಕ.
ಕೂಡಿದೆ, ಮತ್ತೆ ಕೂಡಿದೆ. ನನ್ನ ಕೈ ನಡುಗಿ
ಎರಡರ ಬಾಲ ಗೆರೆ ದಾಟಿದ್ದು ಇಲ್ಲಿದೆ, ನೋಡಿ.

ಆ ಐವತ್ತೊಂಬತ್ತರಲ್ಲಿ
ಒಂದು ಗೆಲುವು ನೇತಾಡುತ್ತಿರುವುದು ಈ ಸೋಲಿನ ಮೊಳೆಗೆ.

ಕೆತ್ತುವವನಿಗೆ ಹೇಳಿದೆ: ಐವತ್ತೊಂಬತ್ತು. ಇನ್ನೊಂದು ಹೆಸರಿದೆ.
ಜಾಗ ಇಲ್ಲ ಮೇಡಂ, ಅಕ್ಷರ ತೀರಾ ಸಣ್ಣದಾದೀತು.
ಆಗಲಿ, ಅಂದೆ. ಒಂದು ಅಂಗೈ ಸಾಕು ಅವನಿಗೆ.

ಶನಿವಾರ ಹದಿಮೂರು ಮಡಚು ಕುರ್ಚಿ, ಏಳು ಜನ.
ಎಮ್ರಿಸನ ಕುರ್ಚಿಯ ಮೇಲೆ ನನ್ನ ಕೋಟು ಇಟ್ಟೆ.
ವೆಂಡೆಲ್ ತಡವಾಗಿ ಬಂದ, ಶಾಲೆಯ ಬಸ್ಸು ನಿಲ್ಲಿಸಿ,
ಕಾಫಿ ಉಳಿದಿದೆಯಾ ಎಂದು ಬಾಗಿಲಲ್ಲೇ ಯಾರನ್ನೋ ಕೇಳುತ್ತಿದ್ದ.
ಆಗ ಮೈಕಿನಲ್ಲಿ ಅವನ ಹೆಸರು ಕರೆದರು.
ಆ ಕುತ್ತಿಗೆ ಇಂದಿಗೂ ಎಡಕ್ಕೆ ಹೊರಳುವುದಿಲ್ಲ;
ಕಪ್ಪು ಹಿಡಿದುಕೊಂಡೇ, ಚೆಲ್ಲದ ಹಾಗೆ,
ಇಡೀ ಮೈಯನ್ನೇ ತಿರುಗಿಸಿ ನೋಡಿದ
ಯಾರನ್ನು ಕರೆದರೆಂದು.